ಏರು ಹತ್ತಲು ರೋಡ್ ಬೈಕಿನ ಗೇರ್ ಹಗುರ ಮಾಡುವುದು: 28 ಹಲ್ಲಿನಿಂದ 32ಕ್ಕೆ, ಸರಿಯಾದ ಕ್ರಮದಲ್ಲಿ

ಏರು ಹಗುರವಾಗಲೆಂದು ಹೊಸ ಕ್ಯಾಸೆಟ್ (ಹಿಂದಿನ ಚಕ್ರದ ಸ್ಪ್ರಾಕೆಟ್‌ಗಳ, ಅಂದರೆ ಹಲ್ಲುಚಕ್ರಗಳ, ಗುಂಪು) ತಂದು ಹಾಕುತ್ತಾರೆ. ಚೈನ್ ಹಳೆಯದೇ ಇರುತ್ತದೆ. ಸ್ಟ್ಯಾಂಡಿನ ಮೇಲೆ ನಾಲ್ಕು ಗೇರ್ ಬದಲಿಸಿ ನೋಡಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ರಸ್ತೆಗಿಳಿದ ಮೇಲೆ ಯಾವುದೋ ಏರಿನಲ್ಲಿ, ಮುಂದೆ ದೊಡ್ಡ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ) ಇರುವುದನ್ನು ಮರೆತು ಹಿಂದೆಯೂ ದೊಡ್ಡ ಸ್ಪ್ರಾಕೆಟ್‌ಗೆ ಒತ್ತಿದರೆ ಚೈನ್ ಸಾಲುವುದಿಲ್ಲ. ಚೈನನ್ನು ಸರಿಸಿ ಗೇರ್ ಬದಲಿಸುವ ಡಿರೈಲರ್ ಮುಂದಕ್ಕೆ ಸೆಳೆದು, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಮುರಿಯುತ್ತದೆ, ಕೆಲವೊಮ್ಮೆ ಡಿರೈಲರ್ ಸ್ಪೋಕ್‌ಗಳೊಳಗೇ ಸಿಕ್ಕಿಬೀಳುತ್ತದೆ. ಮತ್ತೆ ಮತ್ತೆ ಆಗುತ್ತಿರುವ ಈ ತಪ್ಪಿಗೆ ಕಾರಣ ಕೈಗುಣವಲ್ಲ, ಕೆಲಸದ ಕ್ರಮ. ಕ್ಯಾಸೆಟ್ ಕೊಳ್ಳುವ ಮೊದಲು ಡಿರೈಲರ್ ನೋಡಬೇಕು. ಕ್ಯಾಸೆಟ್ ಹಾಕಿದ ಮೇಲೆ, ಗೇರ್ ಹೊಂದಿಸುವ ಮೊದಲು, ಚೈನಿನ ಉದ್ದ ಅಳೆಯಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಜೋಡಣೆ: ಶಿಮಾನೊ ಕ್ಲಾರಿಸ್ 8 ಸ್ಪೀಡ್ (ಹಿಂದೆ 8 ಸ್ಪ್ರಾಕೆಟ್), ಮುಂದೆ 50 ಮತ್ತು 34 ಹಲ್ಲಿನ ರಿಂಗ್‌ಗಳು (50/34), ಹಿಂದೆ 11ರಿಂದ 28 ಹಲ್ಲಿನವರೆಗೆ (11-28). ಸೋರಾ 9 ಸ್ಪೀಡ್ ಇದ್ದವರಿಗೂ ಕ್ರಮ ಇದೇ. ಕ್ಯಾಸೆಟ್ ಮತ್ತು ಚೈನ್ ಮಾತ್ರ 9 ಸ್ಪೀಡಿನವಾಗಿರಬೇಕು.

ಎಷ್ಟು ಹಗುರವಾಗುತ್ತದೆ

34/28ರಲ್ಲಿ, ಅಂದರೆ ಮುಂದೆ 34, ಹಿಂದೆ 28 ಹಲ್ಲು ಇದ್ದಾಗ, ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 1.21 ಸುತ್ತು ತಿರುಗುತ್ತದೆ. 34/32ರಲ್ಲಿ ಅದು 1.06. ಅಂದರೆ ಗೇರ್ ಎಂಟನೇ ಒಂದು ಭಾಗದಷ್ಟು ಹಗುರ. 700x25 ಟೈರಿನಲ್ಲಿ ನಿಮಿಷಕ್ಕೆ 60 ಸುತ್ತು ಪೆಡಲ್ ಮಾಡಿದರೆ ಮೊದಲನೆಯದಕ್ಕೆ ಗಂಟೆಗೆ ಸುಮಾರು 9.2 ಕಿಲೋಮೀಟರ್ ವೇಗ ಬೇಕು, ಎರಡನೆಯದಕ್ಕೆ 8 ಸಾಕು. ಸವಾರ ಮತ್ತು ಬೈಕು ಸೇರಿ 86 ಕೆಜಿ ಎಂದಿಟ್ಟುಕೊಂಡರೆ, 8 ಶೇಕಡಾ ಏರಿನಲ್ಲಿ ಇದೇ ಪೆಡಲ್ ಗತಿ ಕಾಯ್ದುಕೊಳ್ಳಲು ಮೊದಲು ಸುಮಾರು 185 ವಾಟ್ ಬೇಕಿತ್ತು, ಈಗ 160ರ ಆಸುಪಾಸು. ನಂದಿ ಬೆಟ್ಟದ ಕೊನೆಯ ತಿರುವುಗಳಲ್ಲಿ, ಆಗುಂಬೆ ಘಾಟಿಯಲ್ಲಿ, ಮುಳ್ಳಯ್ಯನಗಿರಿಯ ಕಡಿದಾದ ಭಾಗದಲ್ಲಿ ಮಂಡಿಗೆ ಬೀಳುವ ಭಾರ ಇಳಿಯುವುದು ಈ 25 ವಾಟಿನಿಂದಲೇ.

ಮೇಲ್ವೇಗ ಏನೂ ಕಡಿಮೆಯಾಗುವುದಿಲ್ಲ, 11 ಹಲ್ಲಿನ ಸ್ಪ್ರಾಕೆಟ್ ಅಲ್ಲೇ ಇರುತ್ತದೆ. ನಡುವಿನ ಗೇರುಗಳ ಅಂತರ ಮಾತ್ರ ತುಸು ಹೆಚ್ಚುತ್ತದೆ. 8 ಸ್ಪೀಡಿನ 11-32 ಕ್ಯಾಸೆಟ್‌ನ ಹಲ್ಲುಗಳ ಸಾಲು ಸಾಮಾನ್ಯವಾಗಿ 11-13-15-18-21-24-28-32.

8 ಸ್ಪೀಡಿನಲ್ಲಿ 11-34 ಕೂಡ ಸಿಗುತ್ತದೆ. ಆದರೆ ಅವುಗಳಲ್ಲಿ ಹಲವು 26ರಿಂದ ನೇರ 34ಕ್ಕೆ ಹಾರುತ್ತವೆ. ಏರಿನ ನಡುವೆ ಆ ಗೇರಿಗೆ ಇಳಿದರೆ ಕಾಲು ಗಾಳಿಯಲ್ಲಿ ತಿರುಗಿದಂತಾಗಿ ಲಯ ತಪ್ಪುತ್ತದೆ. ರೋಡ್ ಬೈಕಿಗೆ 11-32 ಉತ್ತಮ ಆಯ್ಕೆ.

ಹಂತ 1: ಬೈಕಿನಲ್ಲಿರುವುದು ಕ್ಯಾಸೆಟ್ಟೋ ಫ್ರೀವೀಲೋ ನೋಡಿ

7 ಸ್ಪೀಡಿನ ಅಗ್ಗದ ಬೈಕುಗಳಲ್ಲಿ ಹಲವಕ್ಕೆ ಹಬ್‌ಗೆ ತಿರುಪಿನಂತೆ ಕೂರುವ ಫ್ರೀವೀಲ್ ಇರುತ್ತದೆ. ಅದಕ್ಕೆ ಕ್ಯಾಸೆಟ್ ಹಿಡಿಯುವುದಿಲ್ಲ.

ಪರೀಕ್ಷೆ ಸುಲಭ. ಹಿಂದಿನ ಚಕ್ರ ಬಿಚ್ಚಿ ಸ್ಪ್ರಾಕೆಟ್‌ಗಳನ್ನು ಹಿಮ್ಮುಖವಾಗಿ ತಿರುಗಿಸಿ. ಟೂಲ್ ಕೂರುವ ನಡುವಿನ ಹಲ್ಲುಗಳುಳ್ಳ ಉಂಗುರ ಸ್ಪ್ರಾಕೆಟ್ ಜೊತೆಗೇ ತಿರುಗಿದರೆ ಅದು ಕ್ಯಾಸೆಟ್, ಆ ಉಂಗುರವೇ ಲಾಕ್‌ರಿಂಗ್. ನಡುವಿನ ಭಾಗ ನಿಂತಲ್ಲೇ ನಿಂತು ಸ್ಪ್ರಾಕೆಟ್‌ಗಳು ಮಾತ್ರ ತಿರುಗಿದರೆ ಫ್ರೀವೀಲ್. ಫ್ರೀವೀಲ್ ಇದ್ದರೆ ಅದೇ ಸ್ಪೀಡಿನ, ಹೆಚ್ಚು ಹಲ್ಲಿನ ಫ್ರೀವೀಲ್ ಹುಡುಕಬೇಕು ಮತ್ತು ಬಿಚ್ಚುವ ಟೂಲ್ ಕೂಡ ಬೇರೆ. ಚೈನ್, ಡಿರೈಲರ್ ಕುರಿತು ಮುಂದೆ ಹೇಳಿದ್ದೆಲ್ಲ ಆಗಲೂ ಅನ್ವಯಿಸುತ್ತದೆ.

ಹಂತ 2: ಡಿರೈಲರ್ ಎಷ್ಟು ತಡೆಯುತ್ತದೆ ಎಂದು ಲೆಕ್ಕ ಹಾಕಿ

ಹಿಂದಿನ ಡಿರೈಲರ್‌ನ ಒಳಬದಿಯಲ್ಲಿ ಮಾಡೆಲ್ ನಂಬರ್ ಅಚ್ಚಾಗಿರುತ್ತದೆ. ಶಿಮಾನೊದಲ್ಲಿ ಕೊನೆಗೆ ಎಸ್‌ಎಸ್ ಎಂದಿದ್ದರೆ ಗಿಡ್ಡ ಕೇಜ್ (ಚೈನ್ ಹಾಯುವ ಎರಡು ಪುಟ್ಟ ಪುಲ್ಲಿಗಳನ್ನು ಹಿಡಿದ ತೋಳು), ಜಿಎಸ್ ಎಂದಿದ್ದರೆ ಅದಕ್ಕಿಂತ ಉದ್ದದ ಕೇಜ್. ಆ ನಂಬರ್ ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ಎರಡು ಅಂಕಿ ಹುಡುಕಿ: ಗರಿಷ್ಠ ಸ್ಪ್ರಾಕೆಟ್ ಎಷ್ಟು ಹಲ್ಲು, ಒಟ್ಟು ಕೆಪ್ಯಾಸಿಟಿ ಎಷ್ಟು.

ಗರಿಷ್ಠ ಸ್ಪ್ರಾಕೆಟ್ ಎಂದರೆ ಮೇಲಿನ ಪುಲ್ಲಿ ತಾಗದಂತೆ ಹಿಡಿಸುವ ಅತಿ ದೊಡ್ಡ ಸ್ಪ್ರಾಕೆಟ್. ಈ ದರ್ಜೆಯ ಬೈಕುಗಳ ಎಸ್‌ಎಸ್ ಡಿರೈಲರ್‌ಗಳು ಸಾಮಾನ್ಯವಾಗಿ 28 ಅಥವಾ 30ಕ್ಕೆ ನಿಲ್ಲುತ್ತವೆ, ಜಿಎಸ್‌ಗಳು 32 ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತವೆ. ಕೆಪ್ಯಾಸಿಟಿ ಎಂದರೆ ಡಿರೈಲರ್ ಮಡಚಿ ನುಂಗಬಲ್ಲ ಸಡಿಲ ಚೈನಿನ ಲೆಕ್ಕ. ಮುಂದಿನ ಎರಡು ರಿಂಗ್‌ಗಳ ವ್ಯತ್ಯಾಸಕ್ಕೆ ಹಿಂದಿನ ದೊಡ್ಡ, ಸಣ್ಣ ಸ್ಪ್ರಾಕೆಟ್‌ಗಳ ವ್ಯತ್ಯಾಸ ಕೂಡಿಸಿ. 50/34 ಮತ್ತು 11-28ಕ್ಕೆ 16 + 17 = 33. 11-32ಕ್ಕೆ 16 + 21 = 37. 11-34ಕ್ಕೆ 39.

ಈ ಎರಡು ಮಿತಿಗಳನ್ನು ಮೀರಿದರೆ ಆಗುವುದು ಒಂದೇ ಅಲ್ಲ. ಕೆಪ್ಯಾಸಿಟಿ ಎರಡು ಹಲ್ಲು ಕಡಿಮೆ ಬಿದ್ದರೆ ಮುಂದೆ ಸಣ್ಣದು, ಹಿಂದೆ ಸಣ್ಣದು ಎಂಬ ಜೋಡಿಯಲ್ಲಿ ಚೈನ್ ಜೋಲುತ್ತದೆ. ಆ ಜೋಡಿ ಬಳಸದೆ ಇದ್ದರಾಯಿತು, ಅಪಾಯವಿಲ್ಲ. ಗರಿಷ್ಠ ಸ್ಪ್ರಾಕೆಟ್ ಮೀರಿದರೆ ಪುಲ್ಲಿ ಸ್ಪ್ರಾಕೆಟ್‌ಗೆ ಉಜ್ಜುತ್ತದೆ, ಅದೂ ನೀವು ಬಲ ಹಾಕಿ ತುಳಿಯುತ್ತಿರುವ ಗೇರಿನಲ್ಲೇ.

ನಿಮ್ಮದು ಎಸ್‌ಎಸ್ ಆಗಿದ್ದರೆ ಡಿರೈಲರ್ ಬದಲಿಸಿ. ಶಿಮಾನೊದ 8 ಮತ್ತು 9 ಸ್ಪೀಡ್ ರೋಡ್ ಡಿರೈಲರ್‌ಗಳು ಕೇಬಲ್ ಎಳೆತಕ್ಕೆ ಒಂದೇ ಪ್ರಮಾಣದಲ್ಲಿ ಚಲಿಸುತ್ತವೆ. ಹಾಗಾಗಿ ಕ್ಲಾರಿಸ್ 8 ಸ್ಪೀಡ್ ಶಿಫ್ಟರ್‌ಗೆ (ಹ್ಯಾಂಡಲ್ ಮೇಲಿನ ಗೇರ್ ಲಿವರ್) ಸೋರಾ ಆರ್3000 ಜಿಎಸ್ ಕೆಲಸ ಮಾಡುತ್ತದೆ, ಅದು 34ರವರೆಗೆ ಹಿಡಿಯುತ್ತದೆ. ಶಿಮಾನೊದ 9 ಸ್ಪೀಡ್ ಮೌಂಟನ್ ಬೈಕ್ ಡಿರೈಲರ್ ಕೂಡ ನಡೆಯುತ್ತದೆ. ಟಿಯಾಗ್ರಾ 4700 ಮತ್ತು 10 ಸ್ಪೀಡ್ ಮೌಂಟನ್ ಬೈಕ್ ಡಿರೈಲರ್ ನಡೆಯುವುದಿಲ್ಲ, ಅವುಗಳ ಎಳೆತದ ಲೆಕ್ಕವೇ ಬೇರೆ. ಎಷ್ಟು ತಿರುಗಿಸಿದರೂ ಗೇರ್ ಹೊಂದುವುದಿಲ್ಲ.

ಹ್ಯಾಂಗರ್ ಎಕ್ಸ್‌ಟೆಂಡರ್ ಎಂಬ ಸಣ್ಣ ಲೋಹದ ತುಂಡನ್ನು ಅಂಗಡಿಯಲ್ಲಿ ತೋರಿಸಬಹುದು. ಅದು ಡಿರೈಲರನ್ನು ಕೆಳಕ್ಕಿಳಿಸಿ ಗರಿಷ್ಠ ಸ್ಪ್ರಾಕೆಟ್ ಮಿತಿಯನ್ನು ಹಿಗ್ಗಿಸುತ್ತದೆ, ಕೆಪ್ಯಾಸಿಟಿಯನ್ನು ಒಂದು ಹಲ್ಲೂ ಹೆಚ್ಚಿಸುವುದಿಲ್ಲ. ಪುಲ್ಲಿ ದೂರ ಸರಿಯುವುದರಿಂದ ಸಣ್ಣ ಸ್ಪ್ರಾಕೆಟ್‌ಗಳಲ್ಲಿ ಗೇರ್ ನಿಧಾನವಾಗಿ ಬೀಳುತ್ತದೆ. ಸರಿಯಾದ ಡಿರೈಲರ್ ಸಿಗುವಂತಿದ್ದರೆ ಇದರ ಕಡೆ ಹೋಗಬೇಡಿ.

ಹಂತ 3: ಸಾಮಾನು, ಸಲಕರಣೆ ಜೋಡಿಸಿಕೊಳ್ಳಿ

ಬೇಕಾದ ಭಾಗಗಳು: 8 ಸ್ಪೀಡ್ 11-32 ಕ್ಯಾಸೆಟ್, 8 ಸ್ಪೀಡ್ ಚೈನ್, ಅದೇ ಚೈನಿನ ಕ್ವಿಕ್ ಲಿಂಕ್ (ಎರಡು ತುದಿ ಸೇರಿಸುವ ಕೊಂಡಿ), 1.2 ಮಿಲಿಮೀಟರ್ ಗೇರ್ ಕೇಬಲ್, ಹಿಂದಿನ ತುದಿಯ ಗೇರ್ ಔಟರ್ (ಕೇಬಲ್ ಹಾಯುವ ಕೊಳವೆ), ಕೇಬಲ್ ತುದಿಗೆ ಕ್ಯಾಪ್. ಚೈನ್ 114 ಅಥವಾ 116 ಕೊಂಡಿಯದು ಬರುತ್ತದೆ, ಅದು ಸಾಕು.

8 ಸ್ಪೀಡಿಗೆ 9 ಸ್ಪೀಡ್ ಕ್ಯಾಸೆಟ್ ತಂದು ಒಂದು ಗೇರ್ ಹೆಚ್ಚು ಗಿಟ್ಟಿಸಿಕೊಳ್ಳುವ ಯೋಚನೆ ಬೇಡ. 8ರಲ್ಲಿ ಸ್ಪ್ರಾಕೆಟ್‌ನಿಂದ ಸ್ಪ್ರಾಕೆಟ್‌ಗೆ 4.8 ಮಿಲಿಮೀಟರ್, 9ರಲ್ಲಿ 4.35. ಶಿಫ್ಟರ್ ಒಂದು ಕ್ಲಿಕ್‌ಗೆ ಎಳೆಯುವುದು 4.8ರ ಲೆಕ್ಕಕ್ಕೆ. ಎರಡನೇ ಗೇರ್ ಕೂತರೆ ಐದನೆಯದು ಕೂರುವುದಿಲ್ಲ.

ಸಲಕರಣೆ: ಚೈನ್ ವಿಪ್ (ಸ್ಪ್ರಾಕೆಟ್ ತಿರುಗದಂತೆ ಹಿಡಿಯುವ, ಚೈನ್ ತುಂಡು ಇರುವ ಹಿಡಿ), ಶಿಮಾನೊ ಲಾಕ್‌ರಿಂಗ್ ಟೂಲ್, ಅದನ್ನು ತಿರುಗಿಸಲು 12 ಇಂಚಿನ ಅಡ್ಜಸ್ಟೆಬಲ್ ಸ್ಪ್ಯಾನರ್, ಚೈನ್ ಕಟರ್, 5 ಮಿಲಿಮೀಟರ್ ಅಲೆನ್ ಕೀ, ಸ್ಟಾರ್ ಸ್ಕ್ರೂಡ್ರೈವರ್, ಕೇಬಲ್ ಕತ್ತರಿಸುವ ಕಟರ್, ಗ್ರೀಸ್, ಸೀಮೆಎಣ್ಣೆ ಅಥವಾ ಡಿಗ್ರೀಸರ್, ಬಟ್ಟೆ ಚೂರು. ಮನೆಯ ಇಕ್ಕಳದಲ್ಲಿ ಕೇಬಲ್ ಕತ್ತರಿಸಿದರೆ ಎಳೆಗಳು ಬಿಚ್ಚಿಕೊಂಡು ಔಟರ್ ಒಳಗೆ ಹೋಗದೆ ಕಾಡುತ್ತವೆ. ಕಟರ್ ಇಲ್ಲದಿದ್ದರೆ ಸೈಕಲ್ ಅಂಗಡಿಯಲ್ಲಿ ಕತ್ತರಿಸಿಕೊಳ್ಳಿ.

ಹಂತ 4: ಹಳೇ ಕ್ಯಾಸೆಟ್ ಬಿಚ್ಚಿ

ಚೈನನ್ನು ಅತಿ ಸಣ್ಣ ಸ್ಪ್ರಾಕೆಟ್‌ಗೆ ತಂದು ಚಕ್ರ ಕಳಚಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರವಿಲ್ಲದಾಗ ಬ್ರೇಕ್ ಲಿವರ್ ಒತ್ತಬೇಡಿ. ಕ್ವಿಕ್ ರಿಲೀಸ್ ಸರಳು ಹೊರತೆಗೆದು ಲಾಕ್‌ರಿಂಗ್ ಟೂಲ್ ಕೂರಿಸಿ.

ಕ್ಯಾಸೆಟ್ ನಿಮ್ಮ ಮುಖಕ್ಕೆ ಎದುರಾಗಿರಲಿ. ಚೈನ್ ವಿಪ್ ಅನ್ನು ನಡುವಿನ ಒಂದು ಸ್ಪ್ರಾಕೆಟ್‌ಗೆ ಸುತ್ತಿ, ಅದರ ಹಿಡಿ ಗಡಿಯಾರದ 2 ಗಂಟೆಯ ಜಾಗದಲ್ಲಿ ಬರಲಿ. ಸ್ಪ್ಯಾನರ್ ಹಿಡಿ 10 ಗಂಟೆಯ ಜಾಗದಲ್ಲಿ. ಎರಡನ್ನೂ ಒಟ್ಟಿಗೆ ಕೆಳಕ್ಕೆ ಒತ್ತಿ. ಕರಕರ ಸದ್ದಿನೊಂದಿಗೆ ಲಾಕ್‌ರಿಂಗ್ ಬಿಡುತ್ತದೆ. ಟೂಲ್ ಜಾರಿದರೆ ಲಾಕ್‌ರಿಂಗ್ ಹಲ್ಲು ಸವೆಯುವುದಷ್ಟೇ ಅಲ್ಲ, ಬೆರಳ ಗೆಣ್ಣು ಸ್ಪ್ರಾಕೆಟ್‌ಗೆ ಬಡಿದು ಸೀಳುತ್ತದೆ. ದಪ್ಪ ಬಟ್ಟೆ ಅಥವಾ ಗ್ಲೌಸ್ ಇರಲಿ. ಟೂಲ್ ನಿಲ್ಲದಿದ್ದರೆ ಕ್ವಿಕ್ ರಿಲೀಸ್ ಸರಳನ್ನು ಸ್ಪ್ರಿಂಗ್ ಇಲ್ಲದೆ ತೂರಿಸಿ ಟೂಲನ್ನು ಹಿಡಿಸಿಕೊಳ್ಳಬಹುದು. ಲಾಕ್‌ರಿಂಗ್ ಕಾಲು ಸುತ್ತು ಬಿಟ್ಟ ತಕ್ಷಣ ಆ ಸರಳನ್ನು ಸಡಿಲಿಸಬೇಕು.

ಹಳೇ ಕ್ಯಾಸೆಟ್‌ನ ಹಿಂದೆ ಸ್ಪೇಸರ್ ಇತ್ತೇ ಎಂದು ನೋಡಿ. 11 ಸ್ಪೀಡ್ ರೋಡ್ ಹಬ್ ಇರುವ ಚಕ್ರದಲ್ಲಿ 8 ಅಥವಾ 9 ಸ್ಪೀಡ್ ಕ್ಯಾಸೆಟ್ ಹಾಕಲು 1.85 ಮಿಲಿಮೀಟರ್ ಸ್ಪೇಸರ್ ಬೇಕೇ ಬೇಕು. ಕಸದ ಜೊತೆ ಅದನ್ನೂ ಎಸೆದರೆ ಹೊಸ ಕ್ಯಾಸೆಟ್ ಎಷ್ಟು ಬಿಗಿದರೂ ಅಲ್ಲಾಡುತ್ತದೆ.

ಹಂತ 5: ಹೊಸ ಕ್ಯಾಸೆಟ್ ಕೂರಿಸಿ

ಫ್ರೀಹಬ್ (ಕ್ಯಾಸೆಟ್ ಕೂರುವ ಹಬ್ ಭಾಗ) ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ. ಅದರ ಮೇಲಿನ ಗೆರೆಗಳಲ್ಲಿ ಒಂದು ಮಾತ್ರ ಕಿರಿದು. ಕ್ಯಾಸೆಟ್‌ನ ಕಿರಿದಾದ ಹಲ್ಲನ್ನು ಅದಕ್ಕೆ ಹೊಂದಿಸಿದರೆ ಮಾತ್ರ ಒಳಕ್ಕೆ ಜಾರುತ್ತದೆ. ಸುತ್ತಿಗೆ ಬೇಡ. ದೊಡ್ಡ ಸ್ಪ್ರಾಕೆಟ್‌ಗಳು ಒಂದೇ ಗುಂಪಾಗಿ ಬರುತ್ತವೆ, ಬಿಡಿಯಾಗಿ ಬರುವ ಸಣ್ಣವನ್ನು ಅಂಕಿ ಅಚ್ಚಾದ ಮುಖ ಹೊರಕ್ಕೆ ಬರುವಂತೆ ಹಾಕಿ.

ಲಾಕ್‌ರಿಂಗನ್ನು ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಿಸಿ. ಅದರ ತಿರುಪಿನ ಗೆರೆಗಳು ತೀರಾ ಸಣ್ಣವು, ಓರೆ ಹಿಡಿದರೆ ಫ್ರೀಹಬ್ ಹಾಳು. ನಂತರ 40 ನ್ಯೂಟನ್ ಮೀಟರ್ ಬಿಗಿ. ಟಾರ್ಕ್ ವ್ರೆಂಚ್ ಇಲ್ಲದಿದ್ದರೆ 12 ಇಂಚಿನ ಸ್ಪ್ಯಾನರ್‌ನ ತುದಿ ಹಿಡಿದು ಸುಮಾರು 14 ಕೆಜಿ ಭಾರ ಹಾಕಿದಷ್ಟು. ಬಿಗಿಯುವಾಗ ಕಟಕಟ ಎನ್ನುವುದು ಸಹಜ. ಕೊನೆಗೆ ದೊಡ್ಡ ಸ್ಪ್ರಾಕೆಟ್ ಹಿಡಿದು ಅಲ್ಲಾಡಿಸಿ. ಇಡೀ ಕ್ಯಾಸೆಟ್ ಹಬ್ ಮೇಲೆ ಕದಲಿದರೆ ಸ್ಪೇಸರ್ ತಪ್ಪಿದೆ.

ಹಂತ 6: ಹ್ಯಾಂಗರ್ ನೇರ ಇದೆಯೇ ನೋಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಬೈಕಿನ ಹಿಂದೆ ಕುಳಿತು ನೋಡಿ: ಮೇಲಿನ ಪುಲ್ಲಿ, ಕೆಳಗಿನ ಪುಲ್ಲಿ ಎರಡೂ ಸ್ಪ್ರಾಕೆಟ್‌ಗಳ ಸಮತಲದಲ್ಲಿ ಒಂದೇ ಲಂಬಗೆರೆಯಲ್ಲಿ ಇರಬೇಕು. ಕೆಳಗಿನದು ಸ್ಪೋಕ್ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಬೈಕು ಒಮ್ಮೆ ಬಲಕ್ಕೆ ಬಿದ್ದಿದ್ದರೆ ಸಾಕು. ಬಾಗಿದ ಹ್ಯಾಂಗರ್ ಇಟ್ಟುಕೊಂಡು ಅರ್ಧ ದಿನ ಸ್ಕ್ರೂ ತಿರುಗಿಸಿದರೂ ಅರ್ಧ ಗೇರುಗಳು ಮಾತ್ರ ಹೊಂದುತ್ತವೆ. ಅಳತೆಕೋಲಿನಂಥ ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ನೆಟ್ಟಗೆ ಮಾಡಿಸಿ, ಇಲ್ಲವೇ ಅದೇ ಫ್ರೇಮಿನ ಹೊಸ ಹ್ಯಾಂಗರ್ ಹಾಕಿ.

ಡಿರೈಲರ್ ಬದಲಿಸುವುದಿದ್ದರೆ ಈಗಲೇ ಹಾಕಿ. ಬೋಲ್ಟಿಗೆ ಗ್ರೀಸ್ ಸವರಿ, 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು.

ಹಂತ 7: ಚೈನ್ ಅಳೆದು ಕತ್ತರಿಸಿ

ಇಡೀ ಕೆಲಸದಲ್ಲಿ ಇಲ್ಲಿ ಮಾತ್ರ ಅವಸರ ಮಾಡಲೇಬಾರದು.

ಹೊಸ ಚೈನನ್ನು ಮುಂದಿನ ಡಿರೈಲರ್ ಕೇಜ್ ಒಳಗಿಂದ ತಂದು 50 ಹಲ್ಲಿನ ರಿಂಗ್ ಮೇಲೆ, ಹಿಂದೆ 32 ಹಲ್ಲಿನ ಸ್ಪ್ರಾಕೆಟ್ ಮೇಲೆ ಸುತ್ತಿ. ಹಿಂದಿನ ಡಿರೈಲರ್ ಒಳಗೆ ತೂರಿಸಬೇಡಿ. ಎರಡೂ ತುದಿ ಎಳೆದು ಹಿಡಿದಾಗ ಸಡಿಲವಿಲ್ಲದೆ ಸೇರಬಲ್ಲ ಜಾಗ ಗುರುತಿಸಿ. ಅಲ್ಲಿಂದ ಇನ್ನೂ ಎರಡು ಕೊಂಡಿ, ಅಂದರೆ ಒಂದು ಒಳಕೊಂಡಿ ಮತ್ತು ಒಂದು ಹೊರಕೊಂಡಿ, ಒಟ್ಟು ಒಂದು ಇಂಚು, ಹೆಚ್ಚಿಗೆ ಬಿಟ್ಟು ಕತ್ತರಿಸಿ. ಕ್ವಿಕ್ ಲಿಂಕ್ ಬಳಸುವಾಗ ಚೈನಿನ ಎರಡೂ ತುದಿ ಒಳಕೊಂಡಿಯಾಗಿರಬೇಕು. ಕ್ವಿಕ್ ಲಿಂಕ್ ತಾನೇ ಒಂದು ಹೊರಕೊಂಡಿ, ಅದನ್ನೂ ಲೆಕ್ಕದಲ್ಲಿ ಸೇರಿಸಿ.

ಚೈನ್‌ಸ್ಟೇ (ಪೆಡಲ್ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಫ್ರೇಮ್ ಕೊಳವೆ) 42 ಸೆಂಟಿಮೀಟರ್ ಇರುವ ಬೈಕಿಗೆ 50 ಮತ್ತು 28 ಇದ್ದಾಗ ಸುಮಾರು 108 ಕೊಂಡಿ ಬರುತ್ತದೆ, 32ಕ್ಕೆ 110. ಹಳೇ ಚೈನ್ ಸಾಲುವುದಿಲ್ಲ ಎನ್ನುವುದು ಈ ಎರಡು ಕೊಂಡಿಗೇ. ಹಳೆಯದಕ್ಕೆ ಎರಡು ಹೊಸ ಕೊಂಡಿ ಜೋಡಿಸುವ ಉಪಾಯವೂ ಒಳ್ಳೆಯದಲ್ಲ. ಸವೆದು ಹಿಗ್ಗಿದ ಚೈನ್ ಹೊಸ ಸ್ಪ್ರಾಕೆಟ್‌ಗಳ ಹಲ್ಲು ಬೇಗ ತಿನ್ನುತ್ತದೆ.

ಅನುಮಾನವಿದ್ದರೆ ಉದ್ದವಾಗಿಯೇ ಬಿಡಿ. ಉದ್ದ ಚೈನನ್ನು ಮತ್ತೆ ಕತ್ತರಿಸಬಹುದು.

ಈಗ ಚೈನನ್ನು ಎರಡೂ ಪುಲ್ಲಿಗಳ ಮೂಲಕ ತಂದು, ಕೇಜ್ ನಡುವಿನ ಸಣ್ಣ ತಡೆಪಟ್ಟಿಯ ಸರಿಯಾದ ಬದಿಯಲ್ಲಿ ಹಾಯಿಸಿ ಸೇರಿಸಿ. ಪಟ್ಟಿಯ ತಪ್ಪು ಬದಿಯಲ್ಲಿ ಹೋದರೆ ಪೆಡಲ್ ಮಾಡುವಾಗ ಲೋಹ ಉಜ್ಜುವ ಸದ್ದು ಬರುತ್ತದೆ. ಕ್ವಿಕ್ ಲಿಂಕ್ ಮೇಲ್ಬದಿಗೆ ಬರುವಂತೆ ತಿರುಗಿಸಿ, ಹಿಂದಿನ ಬ್ರೇಕ್ ಹಿಡಿದು ಪೆಡಲ್ ಜೋರಾಗಿ ಒತ್ತಿ. ಟಕ್ ಎಂದು ಕೂರುತ್ತದೆ.

ಹಂತ 8: ಕೇಬಲ್ ಇಲ್ಲದೆ ಮಿತಿ ಸ್ಕ್ರೂಗಳನ್ನು ಹೊಂದಿಸಿ

ಹೊಸ ಕೇಬಲನ್ನು ಶಿಫ್ಟರ್‌ನಿಂದ ತೂರಿಸಿ ಇಡಿ, ಡಿರೈಲರ್‌ಗೆ ಇನ್ನೂ ಕಟ್ಟಬೇಡಿ. ಕೇಬಲ್ ಎಳೆತವಿಲ್ಲದಿದ್ದರೆ ಡಿರೈಲರ್ ತಾನಾಗಿ ಅತಿ ಸಣ್ಣ ಸ್ಪ್ರಾಕೆಟ್ ಕೆಳಗೆ ನಿಲ್ಲುತ್ತದೆ. ಎಚ್ ಸ್ಕ್ರೂ (ಹೊರಬದಿಯ ಮಿತಿ) ತಿರುಗಿಸಿ ಮೇಲಿನ ಪುಲ್ಲಿಯನ್ನು 11 ಹಲ್ಲಿನ ಸ್ಪ್ರಾಕೆಟ್‌ನ ಹೊರಮುಖಕ್ಕೆ ನೇರ ತನ್ನಿ.

ಮುಂದೆ ಸಣ್ಣ ರಿಂಗ್ ಹಾಕಿ. ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತ ಇನ್ನೊಂದರಲ್ಲಿ ಡಿರೈಲರನ್ನು ಒಳಕ್ಕೆ ತಳ್ಳಿ ಚೈನನ್ನು 32ಕ್ಕೆ ಹತ್ತಿಸಿ. ಪುಲ್ಲಿ 32ರ ನೇರಕ್ಕೆ ಬಂದು ನಿಲ್ಲುವಂತೆ ಎಲ್ ಸ್ಕ್ರೂ (ಒಳಬದಿಯ ಮಿತಿ) ಹೊಂದಿಸಿ. ಕೈಯಿಂದ ಎಷ್ಟು ತಳ್ಳಿದರೂ ಅದರಾಚೆ, ಸ್ಪೋಕ್ ಕಡೆ, ಹೋಗಬಾರದು. ಎರಡೂ ಸ್ಕ್ರೂಗಳನ್ನು ಬಲಕ್ಕೆ ತಿರುಗಿಸಿದರೆ ಡಿರೈಲರ್‌ನ ಓಡಾಟ ಕುಗ್ಗುತ್ತದೆ.

ಅದೇ 32ರ ಮೇಲಿದ್ದಾಗ, ಪುಲ್ಲಿಯ ದೂರ ಹೊಂದಿಸುವ ಬಿ ಸ್ಕ್ರೂ ನೋಡಿ. ಮೇಲಿನ ಪುಲ್ಲಿಯ ಹಲ್ಲಿಗೂ ಸ್ಪ್ರಾಕೆಟ್ ಹಲ್ಲಿಗೂ 5ರಿಂದ 6 ಮಿಲಿಮೀಟರ್ ಅಂತರ ಇರಲಿ, 5 ಮಿಲಿಮೀಟರ್ ಅಲೆನ್ ಕೀಯನ್ನೇ ಅಳತೆಗೆ ಹಿಡಿಯಬಹುದು. ಬಲಕ್ಕೆ ತಿರುಗಿಸಿದರೆ ಪುಲ್ಲಿ ದೂರ ಸರಿಯುತ್ತದೆ. 28ಕ್ಕೆ ಹೊಂದಿಸಿದ್ದ ಬಿ ಸ್ಕ್ರೂ 32ಕ್ಕೆ ಸಾಮಾನ್ಯವಾಗಿ ಸಾಲದು. ಹೊಸ ಕ್ಯಾಸೆಟ್ ಹಾಕಿದ ಮೇಲೆ ಹಗುರ ಗೇರಿನಲ್ಲಿ ಗುರ್ ಎನ್ನುವ ಸದ್ದಿಗೆ ಮುಖ್ಯ ಕಾರಣ ಇದೇ.

ಹಂತ 9: ಕೇಬಲ್ ಕಟ್ಟಿ ಗೇರ್ ಹೊಂದಿಸಿ

ಬಲಗೈ ಶಿಫ್ಟರ್‌ನ ಸಣ್ಣ ಲಿವರನ್ನು ಕ್ಲಿಕ್ ನಿಲ್ಲುವವರೆಗೆ ಒತ್ತಿ ಅತಿ ಸಣ್ಣ ಸ್ಪ್ರಾಕೆಟ್‌ಗೆ ತನ್ನಿ. ಕೇಬಲ್ ಬಿಗಿ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರ್ ಪೂರ್ತಿ ಒಳಕ್ಕೆ ತಿರುಗಿಸಿ, ಒಂದೆರಡು ಸುತ್ತು ಹೊರಕ್ಕೆ ಬಿಡಿ. ಕೇಬಲನ್ನು ಕೈಯಲ್ಲಿ ಬಿಗಿಯಾಗಿ ಎಳೆದು ಬೋಲ್ಟಿನ ಪಕ್ಕದ ತೋಡಿನಲ್ಲೇ ಕೂರಿಸಿ 6ರಿಂದ 7 ನ್ಯೂಟನ್ ಮೀಟರ್ ಬಿಗಿ. ಬೋಲ್ಟಿನ ತಪ್ಪು ಬದಿಯಲ್ಲಿ ಕೇಬಲ್ ಕಟ್ಟಿದರೆ ಎಳೆತದ ಲೆಕ್ಕ ತಪ್ಪಿ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ.

ಪೆಡಲ್ ತಿರುಗಿಸುತ್ತ ದೊಡ್ಡ ಲಿವರ್ ಒಂದು ಕ್ಲಿಕ್ ಒತ್ತಿ. ಚೈನ್ ಎರಡನೇ ಸ್ಪ್ರಾಕೆಟ್‌ಗೆ ಹೋಗದಿದ್ದರೆ ಕೇಬಲ್ ಸಡಿಲ, ಬ್ಯಾರೆಲ್ ಎಡಕ್ಕೆ ತಿರುಗಿಸಿ. ಮೂರನೆಯದಕ್ಕೆ ಹಾರಿದರೆ ಬಲಕ್ಕೆ. ಎರಡನೆಯದರಲ್ಲಿ ಕೂತ ಮೇಲೆ, ಕ್ಲಿಕ್ ಆಗದಷ್ಟು ಮಾತ್ರ ಲಿವರನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಚೈನ್ ಮೂರನೇ ಸ್ಪ್ರಾಕೆಟ್‌ಗೆ ಸವರುವ ಸದ್ದು ಬಂದು, ಲಿವರ್ ಬಿಟ್ಟಾಗ ನಿಂತರೆ ಹೊಂದಾಣಿಕೆ ಸರಿ. ಇನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬೇಡಿ.

ಹಂತ 10: ರಸ್ತೆಗಿಳಿಯುವ ಮೊದಲು

ಸ್ಟ್ಯಾಂಡಿನಲ್ಲಿ ನಿಧಾನವಾಗಿ 50/32ಕ್ಕೆ ತನ್ನಿ. ಕೇಜ್ ಮುಂದಕ್ಕೆ ಚಾಚಿದ್ದರೂ ಎರಡು ಪುಲ್ಲಿಗಳ ನಡುವೆ ಚೈನಿನಲ್ಲಿ ಇನ್ನೂ ಬಾಗು ಉಳಿದಿರಬೇಕು. ಚೈನ್ ತಂತಿಯಂತೆ ಬಿಗಿದರೆ ಅಲ್ಲೇ ನಿಲ್ಲಿಸಿ, ಚೈನ್ ಗಿಡ್ಡವಾಗಿದೆ. ಆಮೇಲೆ 34/11ಕ್ಕೆ ತನ್ನಿ. ಚೈನ್ ಜೋತು ತನ್ನನ್ನೇ ಸವರಿದರೆ ಉದ್ದ ಹೆಚ್ಚು, ಅಥವಾ ಕೆಪ್ಯಾಸಿಟಿ ಕಡಿಮೆ.

ಮೊದಲ ಸವಾರಿಯಲ್ಲಿ ಬಲ ಹಾಕಿದಾಗ ಮಾತ್ರ ಚೈನ್ ಜಾರಿ ಟಕ್ಕೆಂದರೆ ಮುಂದಿನ ರಿಂಗ್ ಸವೆದಿರಬಹುದು, ಹಲ್ಲುಗಳು ಶಾರ್ಕ್ ರೆಕ್ಕೆಯಂತೆ ಒಂದೇ ಕಡೆ ವಾಲಿವೆಯೇ ನೋಡಿ. ಪೆಡಲ್ ಪ್ರತಿ ಎರಡು ಮೂರು ಸುತ್ತಿಗೊಮ್ಮೆ ಕ್ರಮವಾಗಿ ಟಕ್ ಎಂದರೆ ಚೈನಿನ ಒಂದು ಕೊಂಡಿ ಬಿರುಸಾಗಿದೆ. 32ರಲ್ಲಿರುವಾಗ ಸ್ಪೋಕ್‌ಗೆ ಟಿಣ್ ಟಿಣ್ ತಾಗುವ ಸದ್ದು ಬಂದರೆ ಇಳಿದುಬಿಡಿ. ಎಲ್ ಸ್ಕ್ರೂ ಅಥವಾ ಹ್ಯಾಂಗರ್ ಸರಿಯಾಗುವವರೆಗೆ ಆ ಗೇರ್ ಮುಟ್ಟಬೇಡಿ. ಹೊಸ ಕೇಬಲ್ ಔಟರ್‌ನಲ್ಲಿ ಕುಳಿತುಕೊಳ್ಳುವುದರಿಂದ ಮೊದಲ ಕೆಲವು ಸವಾರಿಗಳಲ್ಲಿ ಗೇರ್ ಹತ್ತುವುದು ತಡವಾಗುತ್ತದೆ. ಬ್ಯಾರೆಲ್ ಕಾಲು ಸುತ್ತು ಎಡಕ್ಕೆ, ಅಷ್ಟೇ.

32 ಸಾಲದಿದ್ದರೆ

ಭಾರದ ಬ್ಯಾಗ್ ಹೊತ್ತು ಘಾಟಿ ಹತ್ತುವವರಿಗೆ 34/32 ಕೂಡ ಬಿರುಸೆನಿಸಬಹುದು. ಆಗ ಹಿಂದಿನದನ್ನು ಬಿಟ್ಟು ಮುಂದಿನ ಕ್ರ್ಯಾಂಕ್ (ಪೆಡಲ್ ತೋಳು ಮತ್ತು ರಿಂಗ್‌ಗಳ ಜೋಡಣೆ) 46/30ಕ್ಕೆ ಬದಲಿಸಿ. 30/32ರಲ್ಲಿ ಚಕ್ರ ಪೆಡಲ್‌ಗಿಂತ ನಿಧಾನ, 0.94 ಸುತ್ತು. ರಿಂಗ್‌ಗಳ ವ್ಯತ್ಯಾಸ ಆಗಲೂ 16 ಇರುವುದರಿಂದ ಹಿಂದಿನ ಡಿರೈಲರ್‌ನ ಕೆಪ್ಯಾಸಿಟಿ ಲೆಕ್ಕ ಬದಲಾಗದು, ಚೈನ್ ಮಾತ್ರ ಎರಡು ಕೊಂಡಿ ಗಿಡ್ಡವಾಗಬಹುದು. ಕೊಳ್ಳುವ ಮೊದಲು ನಿಮ್ಮ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್ ಭಾಗ) ಚೌಕ ಅಚ್ಚಿನದೋ 24 ಮಿಲಿಮೀಟರ್ ದುಂಡು ಅಚ್ಚಿನದೋ ನೋಡಿ. ಕ್ರ್ಯಾಂಕ್ ಅದಕ್ಕೆ ಹೊಂದದಿದ್ದರೆ ಬಾಟಮ್ ಬ್ರಾಕೆಟ್ ಕೂಡ ಬದಲಿಸಬೇಕು. ಶಿಮಾನೊ ಜಿಆರ್‌ಎಕ್ಸ್ 46/30 ಕ್ರ್ಯಾಂಕ್‌ನ ರಿಂಗ್‌ಗಳು ರೋಡ್ ಕ್ರ್ಯಾಂಕ್‌ಗಿಂತ 2.5 ಮಿಲಿಮೀಟರ್ ಹೊರಕ್ಕಿರುತ್ತವೆ. ಅದಕ್ಕೆ ಹಳೇ ಮುಂದಿನ ಡಿರೈಲರ್ ಸರಿಯಾಗಿ ಎಟುಕುವುದಿಲ್ಲ.

46 ಹಲ್ಲಿನ ರಿಂಗ್ 50ಕ್ಕಿಂತ ತ್ರಿಜ್ಯದಲ್ಲಿ 8 ಮಿಲಿಮೀಟರ್ ಚಿಕ್ಕದು. ಮುಂದಿನ ಡಿರೈಲರನ್ನೂ ಅಷ್ಟೇ ಇಳಿಸಿ, ಕೇಜ್‌ನ ಹೊರತಟ್ಟೆಗೂ ರಿಂಗ್ ಹಲ್ಲಿನ ತುದಿಗೂ 1ರಿಂದ 3 ಮಿಲಿಮೀಟರ್ ಅಂತರ ಬರುವಂತೆ ನಿಲ್ಲಿಸಬೇಕು. ಕ್ಲ್ಯಾಂಪ್ ಮಾದರಿಯದು ಸುಲಭವಾಗಿ ಇಳಿಯುತ್ತದೆ. ಫ್ರೇಮಿಗೇ ಬೆಸೆದ ಕೊಕ್ಕೆಗೆ ಬೋಲ್ಟ್ ಹಾಕುವ ಮಾದರಿಯಾದರೆ, ಕೊಕ್ಕೆಯ ಸೀಳಿನಲ್ಲಿ ಕೆಳಕ್ಕೆ 8 ಮಿಲಿಮೀಟರ್ ಜಾಗ ಉಳಿದಿದೆಯೇ ಎಂದು ಸ್ಕೇಲ್ ಹಿಡಿದು ಅಳೆದ ಮೇಲೆಯೇ ಕ್ರ್ಯಾಂಕ್‌ಗೆ ದುಡ್ಡು ಕೊಡಿ.